ಕಕಾರ ಗಕಾರವಾದ ಪ್ರಸಂಗ

ಮನೆಯಲ್ಲಿ ಒಂದು ಯಂತ್ರ ಕೆಟ್ಟಿತೆಂದು ಪತ್ರಿಕೆಗೆ ಬರೆಯುವವರು ವಿರಳ. ಗಡಿಯಾರ ಕೆಟ್ಟರೆ ಹೊತ್ತು ತಿಳಿಯುವುದಿಲ್ಲ. ಹಿಟ್ಟಿನ ಗಿರಣಿ ಕೆಟ್ಟರೆ ರೊಟ್ಟಿ ತಡವಾಗುತ್ತದೆ. ರಿಪೇರಿಯವನು ಬಂದುಹೋದರೆ ಕಥೆ ಮುಗಿಯಿತು. ಆದರೆ ನನ್ನ ಮೇಜಿನ ಮೇಲಿನ ಕಂಪ್ಯೂಟರು ಕೆಟ್ಟ ರೀತಿಯೇ ಬೇರೆ. ಅದು ಕೆಟ್ಟಿತ್ತು, ಆದರೂ ನಡೆಯುತ್ತಿತ್ತು. ನಡೆಯುತ್ತ ನಡೆಯುತ್ತ ಒಮ್ಮೆಲೇ ನಿಂತುಬಿಡುತ್ತಿತ್ತು. ಮತ್ತೆ ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂಡುತ್ತಿತ್ತು. ಇಂಥ ರೋಗಿಯ ಜೊತೆಗೆ ಏಳು ತಿಂಗಳು ಸಂಸಾರ ಮಾಡಿ ನಾನು ಕಲಿತದ್ದು ಇಷ್ಟು: ಯಂತ್ರ ನಿಂತುಹೋಗುವುದು ದೊಡ್ಡ ಅಪಾಯವಲ್ಲ, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಸಾಗುವುದೇ ಅಪಾಯ. ಈ ಮಾತು ಹೇಗೆ ಬಂತೆಂಬುದನ್ನು ವಾಚಕರ ಮುಂದಿಡಬೇಕಾದರೆ, ಆ ಯಂತ್ರದೊಳಗೆ ನಾನು ಇಟ್ಟಿದ್ದ ಬದುಕೇನೆಂಬುದನ್ನು ಮೊದಲು ಹೇಳಬೇಕು.

ನಾನು ನಿವೃತ್ತ ಕನ್ನಡ ಉಪಾಧ್ಯಾಯ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳ ಎಲ್ಲೆ ದಾಟಿದವನಲ್ಲ. ನಾನು ಕೆಲಸಕ್ಕೆ ಸೇರಿದಾಗ ಇವು ರಾಯಚೂರು ಜಿಲ್ಲೆಯವು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಈಗ ಕುಕನೂರು, ಕನಕಗಿರಿ, ಕಾರಟಗಿಗಳೂ ತಾಲ್ಲೂಕುಗಳಾಗಿವೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ನಾಡಿನಲ್ಲಿ ಕೊಪಣನಗರವೂ ಒಂದು. ಆ ಕೊಪಣವೇ ನಮ್ಮ ಕೊಪ್ಪಳವೆಂಬ ಅಭಿಮಾನದಿಂದಲೋ ಏನೋ, ವರ್ಗವಾಗಿ ಹೋದ ಊರಿನಲ್ಲೆಲ್ಲ ಅಲ್ಲಿಯ ಒಕ್ಕಲಿಗರ, ಕಮ್ಮಾರರ, ಕುಂಬಾರರ, ಕುರುಬರ ಬಾಯಲ್ಲಿ ಕೇಳಿದ ಮಾತುಗಳನ್ನು ಬರೆದಿಡುವ ಚಟ ನನಗೆ ಅಂಟಿಕೊಂಡಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿಯ ಭತ್ತದ ಗದ್ದೆಯ ಮಾತೇ ಬೇರೆ. ಮಳೆಯ ದಾರಿ ನೋಡುವ ಕುಷ್ಟಗಿಯ ಮಸಾರಿ ಹೊಲದ ಮಾತೇ ಬೇರೆ. ತಾಲ್ಲೂಕಿಗೆ ಒಂದರಂತೆ ನಾಲ್ಕು ದಪ್ಪ ನೋಟುಪುಸ್ತಕಗಳಾದವು. ಶಬ್ದ, ಅರ್ಥ, ಕೇಳಿದ ಊರು, ಹೇಳಿದವರ ಕಸುಬು: ಪ್ರತಿಯೊಂದು ಪುಟದಲ್ಲೂ ಈ ನಾಲ್ಕು ಕಾಲಮುಗಳು.

ನಿವೃತ್ತನಾದ ಮೇಲೆ ಇವನ್ನು ಕಂಪ್ಯೂಟರಿನಲ್ಲಿ ಅಕ್ಷರಾನುಕ್ರಮವಾಗಿ ಕೂಡಿಸತೊಡಗಿದೆ. ಕುಷ್ಟಗಿಯ ಪುಸ್ತಕವನ್ನು ಮೊದಲು ಮುಗಿಸಿದೆ. ಮುಗಿಸಿದ್ದೇ ತಪ್ಪಾಯಿತೆನ್ನಬೇಕು, ಕೆಲಸವಾಯಿತಲ್ಲ ಎಂದು ಅದನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಟ್ಟೆ. ಒಂದು ಮಳೆಗಾಲ ಕಳೆದು ತೆಗೆದು ನೋಡಿದರೆ ಗೆದ್ದಲು ನಡುವಿನ ಪುಟಗಳನ್ನೆಲ್ಲ ಮಣ್ಣು ಮಾಡಿತ್ತು. ಅಲ್ಲಿಂದ ಮುಂದೆ ಆ ಪುಟಗಳ ಮಾತುಗಳಿಗೆ ನನ್ನ ಕಂಪ್ಯೂಟರೇ ಏಕೈಕ ಸಾಕ್ಷಿ. ಅವನ್ನು ಹೇಳಿದ ಮುದುಕರಲ್ಲಿ ಬಹುಮಂದಿ ಈಗಿಲ್ಲ.

ಇಂಥ ಸಾಕ್ಷಿ ಒಂದು ಶಿವರಾತ್ರಿಯ ಮರುದಿನ ಮೂರ್ಛೆ ಹೋಯಿತು. ಬರೆಯುತ್ತಿದ್ದಾಗಲೇ ಪರದೆಯೆಲ್ಲ ನೀಲಿಯಾಗಿ, ಯಾವುದೋ ತೊಂದರೆ ಬಂದಿದೆಯೆಂದು ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿ, ಯಂತ್ರ ತಾನಾಗಿ ಆರಿ ತಾನಾಗಿ ಹೊತ್ತಿಕೊಂಡಿತು. ಮುಂದೆ ಇದು ರೂಢಿಯಾಯಿತು. ಒಂದು ದಿನ ಐದು ಸಲ. ಅನಂತರ ಒಂಬತ್ತು ದಿನ ಒಂದು ಸಲವೂ ಇಲ್ಲ. ಒಮ್ಮೆ ಹಾಡು ಕೇಳುವಾಗ, ಒಮ್ಮೆ ಸುಮ್ಮನೆ ಇದ್ದಾಗ, ಒಮ್ಮೆ ನೀಲಿ ಪರದೆಯೂ ಇಲ್ಲದೆ ಗಡಿಯಾರದ ಮುಳ್ಳು ನಿಂತಂತೆ ಎಲ್ಲವೂ ಸ್ತಬ್ಧ. ಕ್ರಮವಿಲ್ಲದ ಈ ಕಾಟ ಮನುಷ್ಯನನ್ನು ಮೂಢನಂಬಿಕೆಗೆ ನೂಕುತ್ತದೆಂಬುದನ್ನು ನಾನು ನನ್ನಲ್ಲೇ ಕಂಡೆ. ಮಂಗಳವಾರ ಹೆಚ್ಚು ನಿಲ್ಲುತ್ತದೆಂದು ಕೆಲವು ದಿನ ನಂಬಿದ್ದೆ. “ಅದಕ್ಕೂ ವಯಸ್ಸಾತು, ನಿಮಗೂ ವಯಸ್ಸಾತು, ಇಬ್ಬರೂ ಸ್ವಲ್ಪ ಮಲಗ್ರಿ” ಎಂದು ನನ್ನ ಮನೆಯಾಕೆ ತೀರ್ಪುಕೊಟ್ಟಳು.

ಕಂಪ್ಯೂಟರು ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಅವನು ಮೊದಲು ವೈರಸ್ ಇರಬೇಕೆಂದು ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದ. ಪುಣ್ಯಕ್ಕೆ ನನ್ನ ಪಟ್ಟಿಯನ್ನು ಮೊದಲೇ ಪೆನ್‌ಡ್ರೈವಿಗೆ ತೆಗೆದುಕೊಂಡಿದ್ದೆವು. ಎರಡು ದಿನ ಸುಖವಾಗಿತ್ತು. ಮೂರನೆಯ ದಿನ ಮತ್ತೆ ಅದೇ ಹಾಡು. ಎರಡನೆಯ ಸಲ ಬಂದವನು ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ತೆರೆದ. ವಿಂಡೋಸಿನಲ್ಲಿ ಇದಕ್ಕೆ ಈವೆಂಟ್ ವ್ಯೂವರ್ ಎಂದು ಹೆಸರು. ಪ್ರತಿ ಸಲ ನಿಂತಾಗಲೂ ಅಲ್ಲಿ ಕೆಂಪು ಗುರುತಿನೊಡನೆ ‘ಕರ್ನಲ್ ಪವರ್, 41’ ಎಂಬ ನಮೂದಿತ್ತು.

“ನೋಡ್ರಿ ಸರ, ಅದೇ ಬರದೈತಿ, ಪವರ್ ಅಂತ. ಕರೆಂಟಿಂದೇ ತ್ರಾಸು” ಎಂದ.

ನನಗೂ ಸರಿಯೆನಿಸಿತು. ಬೇಸಿಗೆಯ ಸಂಜೆ ದೀಪಗಳು ಮಂಕಾಗುವುದನ್ನು ಯಾರು ಕಂಡಿಲ್ಲ? ಮೇಲಾಗಿ, ಭಾರ ಹೆಚ್ಚಿದಾಗಲೇ ದುರ್ಬಲವಾದದ್ದು ಮುರಿಯುವುದೆಂಬುದನ್ನು ನಮ್ಮ ಕಡೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಜಲಾಶಯ ತುಂಬಿ ನಿಂತಿದ್ದಾಗಲೇ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂತು. ಕಂಪ್ಯೂಟರಿನೊಳಗೆ ವಿದ್ಯುತ್ತನ್ನು ಹಂಚುವ ಪೆಟ್ಟಿಗೆ, ಎಸ್‌ಎಂಪಿಎಸ್, ಹೊಸದು ಬಂತು. ಅಂದಿನಿಂದ ಕರೆಂಟು ಹೋದಾಗ ಯಂತ್ರ ಆರುವುದು ತಪ್ಪಿತು. ಆದರೆ ಕರೆಂಟು ಸರಿಯಾಗಿದ್ದಾಗ ನಿಲ್ಲುವುದು ತಪ್ಪಲಿಲ್ಲ. ಒಂದು ಮೈಯಲ್ಲಿ ಎರಡು ರೋಗಗಳಿದ್ದವು. ಒಂದು ಗುಣವಾದದ್ದರಿಂದ ಇನ್ನೊಂದೂ ಅದೇ ಇರಬೇಕೆಂಬ ನಮ್ಮ ಭ್ರಮೆ ಮಾತ್ರ ಬಲವಾಯಿತು.

ಆ ಮೇಲೆ 41ರ ಅರ್ಥವನ್ನು ನಾನೇ ಹುಡುಕಿ ಓದಿದೆ. ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ಮತ್ತೆ ಆರಂಭವಾಯಿತು ಎಂಬುದಷ್ಟೇ ಅದರ ತಾತ್ಪರ್ಯ. ಎಚ್ಚರ ತಪ್ಪಿದ್ದವನು ಎದ್ದು ‘ನನಗೆ ಎಚ್ಚರ ತಪ್ಪಿತ್ತು’ ಎಂದ ಹಾಗೆ. ಏಕೆ ತಪ್ಪಿತೆಂಬುದು ಅವನಿಗೇ ಗೊತ್ತಿಲ್ಲ. ಹೆಸರಿನಲ್ಲಿ ಪವರ್ ಎಂದಿರುವುದರಿಂದ ತಪ್ಪು ವಿದ್ಯುತ್ತಿನದೇ ಎಂದುಕೊಳ್ಳುವುದು, ಹೆಸರು ಶಾಂತಪ್ಪ ಎಂದಿದ್ದ ಮಾತ್ರಕ್ಕೆ ಮನುಷ್ಯನಿಗೆ ಸಿಟ್ಟಿಲ್ಲವೆಂದು ನಂಬಿದಂತೆ.

ಆಗ ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಮಾತುಗಳನ್ನು ಊರು, ಕಸುಬು, ಸಂದರ್ಭಗಳೊಡನೆ ಬರೆದುಕೊಂಡವನು ಈ ಯಂತ್ರದ ವಿಷಯದಲ್ಲಿ ಒಂದು ಸಾಲನ್ನೂ ಬರೆದಿರಲಿಲ್ಲ. ನೂರು ಪುಟದ ಪುಸ್ತಕವೊಂದನ್ನು ತಂದು ಗೆರೆ ಹಾಕಿದೆ. ನಿಂತ ದಿನ, ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಕರೆಂಟಿನ ಸ್ಥಿತಿ, ನೀಲಿ ಪರದೆಯ ಕೆಳಗಿನ ಹೆಸರು. ಇನ್ನೊಂದು ನಿಯಮವನ್ನೂ ಹಾಕಿಕೊಂಡೆ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎರಡು ಔಷಧಿ ಒಮ್ಮೆಲೇ ಕುಡಿದರೆ ಯಾವುದು ಹಿಡಿಯಿತೆಂದು ಹೇಳುವವರಾರು?

ಧೂಳು ಒರೆಸಿದೆವು; ಗುಣವಿಲ್ಲ. ಫ್ಯಾನು ಬದಲಿಸಿದೆವು, ಗುಣವಿಲ್ಲ. ಒಂದು ದಿನ ವಿದ್ಯಾರ್ಥಿ ರ‍್ಯಾಮ್ ಪಟ್ಟಿಗಳನ್ನು ಕಿತ್ತು, ಅವುಗಳ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದ. ನಮ್ಮ ಕಡೆಯ ರಿಪೇರಿ ಅಂಗಡಿಗಳಲ್ಲಿ ಇದು ಸಿದ್ಧೌಷಧ. ಹನ್ನೊಂದು ದಿನ ಯಂತ್ರ ಕದಲಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಮತ್ತೆ ನೀಲಿ. ಹಿಂದೆ ಒಂಬತ್ತು ದಿನ ತಾನಾಗಿಯೇ ಸುಮ್ಮನಿದ್ದ ರೋಗ ಹನ್ನೊಂದು ದಿನ ಸುಮ್ಮನಿದ್ದರೆ ಅದನ್ನು ರಬ್ಬರಿನ ಮಹಿಮೆ ಎನ್ನಲಾಗದೆಂದು ನನ್ನ ಪುಸ್ತಕವೇ ಹೇಳಿತು. ಬಿಟ್ಟು ಬಿಟ್ಟು ಬರುವ ರೋಗದಲ್ಲಿ ನೆಮ್ಮದಿಯ ನಾಲ್ಕು ದಿನ ಗುಣವಾದ ಗುರುತಲ್ಲ.

ಆ ಪುಸ್ತಕವನ್ನು ಹುಡುಗ ಓದಿದ. ನೀಲಿ ಪರದೆಯ ಹೆಸರುಗಳ ಕಾಲಮಿನ ಮೇಲೆ ಅವನ ಬೆರಳು ನಿಂತಿತು. ಒಂದು ಕಡೆ ‘ಮೆಮರಿ ಮ್ಯಾನೇಜ್‌ಮೆಂಟ್’, ಇನ್ನೊಂದು ಕಡೆ ‘ಪೇಜ್ ಫಾಲ್ಟ್’, ಮತ್ತೊಂದು ಕಡೆ ಉಚ್ಚರಿಸಲೂ ಬಾರದ ಹೆಸರು.

“ಸರ, ದಿನಾ ಒಂದೇ ಹೆಸರು ಬಂದಿದ್ರ ಯಾವುದೋ ಒಂದು ಸಾಫ್ಟ್‌ವೇರಿಂದು ಅನ್ನಬಹುದಿತ್ತು. ಸಲಕ್ಕೊಂದು ಹೆಸರು ಬರಾಕತ್ತೈತಿ ಅಂದ್ರ ತಪ್ಪು ಮ್ಯಾಲಿಲ್ಲ, ಬುಡದಾಗ ಐತಿ. ಒಂದು ರಾತ್ರಿ ರ‍್ಯಾಮ್ ಪರೀಕ್ಷಾ ಹಚ್ಚೂಣು.”

ಗುರುವಿಗೆ ಶಿಷ್ಯನಿಂದ ಪಾಠವಾದದ್ದು ಹೀಗೆ. ರ‍್ಯಾಮ್ ಎಂದರೆ ಯಂತ್ರ ಕೆಲಸಮಾಡುವಾಗ ಎಲ್ಲವನ್ನೂ ಹರಡಿಕೊಳ್ಳುವ ಅಂಗಳ. ವಿಂಡೋಸು, ಹಾಡು, ಚಿತ್ರ, ನನ್ನ ಶಬ್ದಪಟ್ಟಿ ಎಲ್ಲವೂ ಅಲ್ಲಿಗೆ ಬಂದೇ ಹೋಗಬೇಕು. ನನ್ನ ಯಂತ್ರದಲ್ಲಿದ್ದದ್ದು ನಾಲ್ಕು ನಾಲ್ಕು ಗಿಗಾಬೈಟಿನ ಎರಡು ಪಟ್ಟಿಗಳು. ಒಂದೊಂದರಲ್ಲಿ 3,435 ಕೋಟಿಗೂ ಹೆಚ್ಚು ಪುಟ್ಟ ಕೋಶಗಳು. ಪ್ರತಿ ಕೋಶವೂ ಒಂದು ಹಣತೆಯಿದ್ದಂತೆ; ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ತುಂಬಿದ್ದು ಸೋರಿಹೋಗುತ್ತಲೇ ಇರುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೆ ಒಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲ, ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಿಸುತ್ತಿರಬೇಕು. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಇಷ್ಟು ಕೋಟಿಯಲ್ಲಿ ಒಂದು ಕೋಶ ಹಟಮಾಡಿದರೆ ಸಾಕು.

ಕಾಟಕ್ಕೆ ಕ್ರಮವಿಲ್ಲದಿರುವುದು ಏಕೆಂಬುದೂ ಆಗ ಹೊಳೆಯಿತು. ನಮ್ಮ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ವಾಸಮಾಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಾಳಿಗೆ ಸೋರುವ ಜಾಗ ಒಂದೇ. ಅದರ ಕೆಳಗೆ ಹಾಸಿಗೆಯಿದ್ದರೆ ಮಲಗಿದವನು ಕೂಗಿ ಏಳುತ್ತಾನೆ. ಬರಿಯ ನೆಲವಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾಳಿನ ಚೀಲವಿದ್ದರೆ ಆ ದಿನ ಗೊತ್ತಾಗದೆ ತಿಂಗಳಾದ ಮೇಲೆ ಬೂಸಲು ಹಿಡಿದಾಗ ಗೊತ್ತಾಗುತ್ತದೆ. ಕೆಟ್ಟ ಕೋಶವೂ ಹಾಗೆಯೇ. ಅಲ್ಲಿ ವಿಂಡೋಸಿನ ಮರ್ಮದ ಭಾಗ ಬಂದು ಕೂತರೆ ಯಂತ್ರ ಕೂಗಿಕೊಂಡು ನಿಲ್ಲುತ್ತದೆ. ಏನೂ ಇಲ್ಲದಿದ್ದರೆ ಒಂಬತ್ತು ದಿನ ಸುಖ. ಈ ಹೋಲಿಕೆಯ ಮೂರನೆಯ ಭಾಗ, ಆ ಕಾಳಿನ ಚೀಲ, ನನಗೆ ಆಗ ತಟ್ಟಲಿಲ್ಲ.

ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯೊಂದುಂಟು, 1994ರಿಂದಲೂ ಬಳಕೆಯಲ್ಲಿದೆ. ಪೆನ್‌ಡ್ರೈವಿಗೆ ಹಾಕಿಕೊಂಡು, ವಿಂಡೋಸು ಏಳುವ ಮೊದಲೇ ಅದನ್ನು ನಡೆಸಬೇಕು. ಅದು ಪ್ರತಿಯೊಂದು ಕೋಶಕ್ಕೂ ಬಗೆಬಗೆಯ ಒಂದು ಸೊನ್ನೆಗಳನ್ನು ತುಂಬಿ, ಮತ್ತೆ ಓದಿ, ಕೊಟ್ಟದ್ದೇ ಬಂತೇ ಎಂದು ನೋಡುತ್ತದೆ. ರಾತ್ರಿ ಹತ್ತಕ್ಕೆ ಹಚ್ಚಿದೆವು. ಮೊದಲ ಸುತ್ತು ನಿರ್ಮಲ. ಅಷ್ಟಕ್ಕೇ ಬಿಟ್ಟಿದ್ದರೆ ರ‍್ಯಾಮ್ ನಿರ್ದೋಷಿಯೆಂದು ತೀರ್ಪಾಗುತ್ತಿತ್ತು. ಬೆಳಗಿನ ಜಾವ ಎದ್ದು ನೋಡಿದರೆ ಮೂರನೆಯ ಸುತ್ತಿನಲ್ಲಿ ಕೆಂಪು ಸಾಲುಗಳು. ವಿಳಾಸಗಳು ಹಲವು, ಆದರೆ ಕೊಟ್ಟದ್ದಕ್ಕೂ ಬಂದದ್ದಕ್ಕೂ ಎಲ್ಲ ಸಾಲಿನಲ್ಲೂ ಒಂದೇ ಹಣತೆಯ ವ್ಯತ್ಯಾಸ. ಆರಿರಬೇಕಾದದ್ದು ಹೊತ್ತಿಕೊಂಡಿತ್ತು.

ಆದರೂ ಅವಸರಪಡಲಿಲ್ಲ. ತಪ್ಪು ಪಟ್ಟಿಯದೋ, ಅದು ಕೂಡುವ ಸ್ಲಾಟಿನದೋ? ನಾಲ್ಕು ರಾತ್ರಿ, ನಾಲ್ಕು ಪರೀಕ್ಷೆ: ಮೊದಲ ಪಟ್ಟಿಯೊಂದನ್ನೇ ಮೊದಲ ಸ್ಲಾಟಿನಲ್ಲಿ, ಅದನ್ನೇ ಎರಡನೆಯದರಲ್ಲಿ, ಎರಡನೆಯ ಪಟ್ಟಿಯನ್ನೂ ಹಾಗೆಯೇ. ಮೊದಲನೆಯದು ಎರಡೂ ಕಡೆ ಶುದ್ಧ. ಎರಡನೆಯದು ಎಲ್ಲಿ ಕೂತರೂ ತಪ್ಪು. ಕಳ್ಳ ಸಿಕ್ಕಿದ. ಅವನನ್ನು ಹೊರಗಿಟ್ಟ ದಿನದಿಂದ ಇಂದಿನವರೆಗೆ ಯಂತ್ರ ಒಮ್ಮೆಯೂ ನಿಂತಿಲ್ಲ. ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು.

ಆದರೆ ಆ ಒಂದು ಹಣತೆ ನನ್ನ ತಲೆಯಲ್ಲಿ ಉರಿಯುತ್ತಲೇ ಇತ್ತು. ಬೇಸಿಗೆಯಲ್ಲಿ ನನ್ನ ಪಟ್ಟಿಯಲ್ಲಿ ‘ಗುರಿದೊಡ್ಡಿ’ ಎಂಬ ಶಬ್ದ ಕಂಡು ನಕ್ಕಿದ್ದೆ. ಕುರಿಗಳನ್ನು ಕೂಡುವ ಕುರಿದೊಡ್ಡಿ ಅದು; ಕೈತಪ್ಪಿತೆಂದು ತಿದ್ದಿದ್ದೆ. ನಾನು ಬಳಸುವ ಕೀಲಿಮಣೆಯಲ್ಲಿ ಕಕಾರ ಬಲಗೈಗೆ, ಗಕಾರ ಎಡಗೈಗೆ. ಒಂದರ ಬದಲು ಇನ್ನೊಂದು ಹೇಗೆ ಒತ್ತಿದೆನೆಂದು ಆಗ ಯೋಚಿಸಲಿಲ್ಲ. ಈಗ ಯೋಚಿಸಿದೆ. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡಿನಲ್ಲಿ ಕಕಾರ 3221, ಗಕಾರ 3223. ಈ ಸಂಖ್ಯೆಗಳನ್ನು ಒಂದು, ಎರಡು, ನಾಲ್ಕು, ಎಂಟು ಹೀಗೆ ಬೆಲೆಯುಳ್ಳ ಹಣತೆಗಳ ಸಾಲಿನಲ್ಲಿ ಬರೆದರೆ, ಕಕಾರಕ್ಕೂ ಗಕಾರಕ್ಕೂ ಇರುವ ವ್ಯತ್ಯಾಸ ಎರಡರ ಹಣತೆಯೊಂದೇ. ಅದು ಆರಿದ್ದರೆ ಕಕಾರ, ಹೊತ್ತಿದ್ದರೆ ಗಕಾರ. ತಕಾರ 3236, ದಕಾರ 3238. ಅಲ್ಲಿಯೂ ಅದೇ ಹಣತೆ. ರಕಾರ 3248, ಲಕಾರ 3250, ಅಲ್ಲಿಯೂ ಅದೇ. ಪರೀಕ್ಷೆಯ ಕೆಂಪು ಸಾಲುಗಳಲ್ಲಿ ತಾನಾಗಿ ಹೊತ್ತಿಕೊಳ್ಳುತ್ತಿದ್ದದ್ದೂ ಬೈಟಿನೊಳಗಿನ ಎರಡರ ಹಣತೆಯೇ!

ಕ, ತ, ಪಗಳಿಗೆ ಗ, ದ, ಬಗಳು ಬರುವುದು ಆದೇಶಸಂಧಿಯೆಂದು ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಮಳೆಯ ಮುಂದಿನ ಕಾಲ ಮಳೆಗಾಲವಾಗುತ್ತದೆ. ಬೆಟ್ಟದ ಮುಂದಿನ ತಾವರೆ ಬೆಟ್ಟದಾವರೆಯಾಗುತ್ತದೆ. ಈಗ ಒಂದು ಕೆಟ್ಟ ಪಟ್ಟಿ ಕೇಶಿರಾಜನ ಅಪ್ಪಣೆಯಿಲ್ಲದೆ ನನ್ನ ಮನೆಯಲ್ಲೇ ಆದೇಶ ಹೊರಡಿಸಿತ್ತು. ಅದಕ್ಕೆ ಪಕಾರ ಮಾತ್ರ ಬಗ್ಗದು. ಪಕಾರದಲ್ಲಿ ಆ ಹಣತೆ ಮೊದಲೇ ಹೊತ್ತಿದೆ.

ನಗು ಬಹಳ ಹೊತ್ತು ಉಳಿಯಲಿಲ್ಲ. ಕಡತವನ್ನು ತೆರೆದು ಉಳಿಸಿದಾಗಲೆಲ್ಲ ಇಡೀ ಪಟ್ಟಿ ಆ ಅಂಗಳವನ್ನು ಹಾದುಬಂದಿತ್ತು, ಏಳು ತಿಂಗಳು. ಕೊಪ್ಪಳ, ಗಂಗಾವತಿ, ಯಲಬುರ್ಗಾಗಳ ನೋಟುಪುಸ್ತಕಗಳು ಉಳಿದಿದ್ದವಷ್ಟೆ. ಒಂದೊಂದು ಸಾಲನ್ನೂ ಅವುಗಳೊಡನೆ ಹೋಲಿಸಲು ಕೂತೆವು. ಮನೆಯಾಕೆ ಓದಿದಳು, ನಾನು ಪರದೆ ನೋಡಿದೆ. ಒಂಬತ್ತು ಕಡೆ ವ್ಯತ್ಯಾಸ ಸಿಕ್ಕಿತು. ಬಿತ್ತುವ ಕೂರಿಗೆ ‘ಗೂರಿಗೆ’ಯಾಗಿತ್ತು. ಹೊಲಕ್ಕೆ ನೀರು ಒಯ್ಯುವ ತತ್ರಾಣಿ ‘ದತ್ರಾಣಿ’ಯಾಗಿತ್ತು. ಒಂದು ಕಡೆ ಕಾಳು ಕೇರುವ ಮೊರ ‘ಮೊಲ’ವಾಗಿ ಓಡಿಹೋಗಿತ್ತು. ಈ ಒಂಬತ್ತರಲ್ಲಿ ಒಂದಾದರೂ ಯಂತ್ರವನ್ನು ನಿಲ್ಲಿಸಲಿಲ್ಲ, ಪರದೆಯನ್ನು ನೀಲಿ ಮಾಡಲಿಲ್ಲ. ಕಥೆಯಲ್ಲಾದರೆ ಹಿಂದುಮುಂದಿನ ಮಾತು ನೋಡಿ ತಪ್ಪನ್ನು ಹಿಡಿಯಬಹುದು. ಶಬ್ದಪಟ್ಟಿಯಲ್ಲಿ ಒಂದೊಂದು ಮಾತೂ ಒಂಟಿ. ಮುಂದೆ ಯಾವನೋ ವಿದ್ವಾಂಸನು ‘ದತ್ರಾಣಿ’ಯ ಧಾತುವನ್ನು ಹುಡುಕುತ್ತ ತಲೆ ಕೆಡಿಸಿಕೊಳ್ಳುತ್ತಿದ್ದ.

ದೊಡ್ಡ ಕಡೆಗಳಲ್ಲೂ ಇಂಥದು ನಡೆದಿದೆ. 2003ರ ಮೇ 18ರಂದು ಬೆಲ್ಜಿಯಂ ದೇಶದ ಸ್ಕಾರ್ಬೇಕ್ ಎಂಬಲ್ಲಿ ಮತ ಎಣಿಸುವ ಯಂತ್ರ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ಕೊಟ್ಟಿತು. ಬರಲು ಸಾಧ್ಯವಿದ್ದದ್ದಕ್ಕಿಂತ ಹೆಚ್ಚು ಮತ ಬಂದದ್ದರಿಂದಲೇ ಅದು ಬಯಲಾಯಿತು. 4,096 ಎಂಬುದು ಹಣತೆಯ ಸಾಲಿನಲ್ಲಿ ಹದಿಮೂರನೆಯದರ ಬೆಲೆ. ಒಂದು ಹಣತೆ ತಾನಾಗಿ ಹೊತ್ತಿಕೊಂಡಿತ್ತೆಂದೂ ಆಕಾಶದಿಂದ ಬರುವ ಕಿರಣವೊಂದು ಅದಕ್ಕೆ ಕಾರಣವಿರಬಹುದೆಂದೂ ಊಹಿಸಿದರು. ಇದಕ್ಕೆ ಮದ್ದಿಲ್ಲವೆಂದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನ ಲೆಕ್ಕಗಳನ್ನು ಅಲ್ಲಿಯ ಯಂತ್ರ ವಾರದ ಕೊನೆಯಲ್ಲಿ ತಪ್ಪು ಕಂಡೊಡನೆ ಕೈಬಿಟ್ಟುಬಿಡುತ್ತಿತ್ತು. ತಪ್ಪಾಯಿತೆಂದು ತಿಳಿಯುವ ಯಂತ್ರ ಎಲ್ಲಿ ತಪ್ಪಾಯಿತೆಂದು ತಿಳಿದು ತಿದ್ದಿಕೊಳ್ಳಬಾರದೇಕೆ ಎಂದು ಬೇಸತ್ತ ಆತ ಯೋಚಿಸಿ ಕಂಡುಹಿಡಿದ ಉಪಾಯ 1950ರಲ್ಲಿ ಪ್ರಕಟವಾಯಿತು. ಅಕ್ಷರಗಳ ಜೊತೆಗೆ ಕೆಲವು ಕಾವಲು ಹಣತೆಗಳನ್ನೂ ಇಡುವುದು ಅದರ ಗುಟ್ಟು. ವೇದ ತಪ್ಪದಿರಲೆಂದು ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳುವ ಜಟೆ, ಘನಗಳನ್ನು ಕಟ್ಟಿದ ನಮ್ಮ ಹಿರಿಯರಿಗೆ ಈ ಯೋಚನೆ ಹೊಸದೆನಿಸುತ್ತಿರಲಿಲ್ಲ. ದೊಡ್ಡ ಸರ್ವರ್ ಯಂತ್ರಗಳಲ್ಲಿ ಅರುವತ್ತನಾಲ್ಕು ಹಣತೆಗೆ ಎಂಟರಂತೆ ಈ ಕಾವಲು ಇಂದು ಸಾಮಾನ್ಯ. ಮನೆಯ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಆದ್ದರಿಂದ ಮನೆಯ ಯಂತ್ರ ಕಾರಣವಿಲ್ಲದೆ ನಿಲ್ಲತೊಡಗಿದರೆ, ಮೊದಲ ದಿನವೇ ಒಂದು ಪ್ರತಿಯನ್ನು ಹೊರಗೆ ತೆಗೆದಿಟ್ಟು, ಅದನ್ನು ಮುಟ್ಟದೆ, ಒಂದು ರಾತ್ರಿ ಪೂರ್ತಿ ರ‍್ಯಾಮನ್ನು ಪರೀಕ್ಷಿಸುವುದು ಕ್ಷೇಮ. ನಾನು ಆ ಕೆಲಸವನ್ನು ಏಳನೆಯ ತಿಂಗಳಲ್ಲಿ ಮಾಡಿದೆ.

ಮೂರು ತಾಲ್ಲೂಕುಗಳ ಪಟ್ಟಿ ಹೀಗೆ ಶುದ್ಧವಾಯಿತು. ಉಳಿದದ್ದು ಕುಷ್ಟಗಿ. ಗೆದ್ದಲು ತಿಂದ ಪುಟಗಳ ಮಾತುಗಳನ್ನು ಒಂದೊಂದಾಗಿ ಓದಿದೆ. ಹೆಚ್ಚಿನವು ನೆನಪಿನಿಂದಲೇ ನಿಶ್ಚಯವಾದವು. ಒಂದು ಮಾತ್ರ ಕಾಡಿತು: ‘ಗುಳ: ನೇಗಿಲಿನ ತುದಿಯ ಕಬ್ಬಿಣ, ಹೇಳಿದವರು ಕಮ್ಮಾರ.’ ಗುಳ ಎಂಬುದೂ ಕನ್ನಡವೇ, ಕುಳ ಎಂಬುದೂ ಕನ್ನಡವೇ, ಅರ್ಥವೂ ಒಂದೇ. ಆ ಮುದುಕ ಹೇಳಿದ್ದು ಯಾವುದು? ಇಲ್ಲಿ ತಪ್ಪಾಗಿದ್ದರೂ ಅದು ತಪ್ಪಿನಂತೆ ಕಾಣದು. ಏಳು ತಿಂಗಳಲ್ಲಿ ಯಂತ್ರ ನನಗೆ ಕೊಟ್ಟ ನಿಜವಾದ ಭಯ ಇದೊಂದೇ.

ಬಸ್ಸು ಹತ್ತಿ ಆ ಊರಿಗೆ ಹೋದೆ. ಕಮ್ಮಾರ ತೀರಿಕೊಂಡು ಬಹಳ ವರ್ಷವಾಗಿತ್ತು. ಕುಲುಮೆ ಇದ್ದ ಕಡೆ ಈಗ ಟ್ರ್ಯಾಕ್ಟರಿನ ಕುಂಟೆಗೆ ವೆಲ್ಡಿಂಗ್ ಮಾಡುತ್ತಾರೆ. ಅವನ ಸೊಸೆ, ತಾನೂ ಈಗ ಮುದುಕಿ, ಕಟ್ಟೆಯ ಮೇಲೆ ಕೂತಿದ್ದಳು. ಬಂದ ಕೆಲಸ ಹೇಳಿದೆ.

“ಒಂದು ಅಕ್ಷರ ಕೇಳಾಕ ಕೊಪ್ಪಳದಿಂದ ಬಂದ್ರೇನ್ರಿ ಗುರುಗಳ?” ಎಂದು ನಕ್ಕು, ನೀರು ಕೊಟ್ಟು, ಹೇಳಿದಳು: “ನಮ್ಮ ಮಾವಾರು ಕುಳ ಅಂತಿದ್ರು. ನನ್ನ ತವರು ಯಲಬುರ್ಗಾ ಕಡೆ, ನಮ್ಮಲ್ಲಿ ಗುಳ ಅಂತೀವಿ. ಮದಿವ್ಯಾಗಿ ಬಂದ ಹೊಸದಾಗ ಗುಳ ಅಂದಿದ್ದಕ್ಕ ಮಂದಿ ನಗತಿದ್ರು.”

ಕುಷ್ಟಗಿಯ ಪಟ್ಟಿಯಲ್ಲಿ ‘ಕುಳ’ ಎಂದು ತಿದ್ದಿದೆ. ಯಲಬುರ್ಗಾದ ಪಟ್ಟಿಯಲ್ಲಿ ಈವರೆಗೆ ಇಲ್ಲದಿದ್ದ ‘ಗುಳ’ವನ್ನು ಆ ತಾಯಿಯ ತವರೂರಿನ ಹೆಸರಿನೊಡನೆ ಸೇರಿಸಿದೆ. ಆ ಸಂಜೆಯೇ ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಒಂದು ಪ್ರತಿಯನ್ನು ಮಗಳ ಮನೆಗೆ ಕಳಿಸಿದೆ.